ಬಾಡಿಗೆ ಮನೆಯನ್ನು ನಾವೇ ನೋಡಿಕೊಳ್ಳುವುದೋ, ನಿರ್ವಹಣೆಗೆ ಬೇರೆಯವರನ್ನು ನೇಮಿಸುವುದೋ?

ಮೇಲ್ಮಹಡಿ:
ನಮಸ್ಕಾರ. ಅಮ್ಮನಿಂದ ನನಗೂ ನನ್ನ ತಮ್ಮನಿಗೂ ಸಮಪಾಲಿನಲ್ಲಿ ಬಂದಿರುವ ಎರಡಂತಸ್ತಿನ ಮನೆಯೊಂದಿದೆ. ಕೆಳಗೊಂದು ಕುಟುಂಬ, ಮೇಲೊಂದು ಕುಟುಂಬ ಬಾಡಿಗೆಗಿವೆ. ನಾನು ಅದೇ ಊರಿನಲ್ಲಿದ್ದಷ್ಟು ಕಾಲ ಬಾಡಿಗೆ ಪಡೆಯುವುದು, ರಿಪೇರಿ ಮಾಡಿಸುವುದು, ಕರಾರು ನವೀಕರಿಸುವುದು ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಈಗ ವರ್ಗಾವಣೆಯಾಗಿ, ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಊರಿಗೆ ಬಂದಿದ್ದೇನೆ. ತಮ್ಮ ವಿದೇಶದಲ್ಲಿದ್ದಾನೆ.

ಅಲ್ಲಿನ ನಿರ್ವಹಣಾ ಸಂಸ್ಥೆಯೊಂದು ತಿಂಗಳ ಬಾಡಿಗೆಯ ಶೇಕಡಾ 10ರಷ್ಟು ಶುಲ್ಕಕ್ಕೆ ಎಲ್ಲವನ್ನೂ ನೋಡಿಕೊಳ್ಳುವುದಾಗಿ ಹೇಳಿದೆ. ಹೊಸ ಬಾಡಿಗೆದಾರರನ್ನು ತಂದಾಗಲೆಲ್ಲ ಅರ್ಧ ತಿಂಗಳ ಬಾಡಿಗೆಯನ್ನು ಪ್ರತ್ಯೇಕವಾಗಿ ಕೊಡಬೇಕಂತೆ. ತಮ್ಮ ಒಪ್ಪಿಸಿಬಿಡೋಣ ಎನ್ನುತ್ತಾನೆ, ನನಗೆ ಮನಸ್ಸಿಲ್ಲ. ಕೆಳಗಿನವರು ಬಹಳ ವರ್ಷಗಳಿಂದ ಇದ್ದಾರೆ, ಒಮ್ಮೆಯೂ ಬಾಡಿಗೆ ತಡಮಾಡಿದವರಲ್ಲ. ಮೇಲಿನವರು ಮಾತ್ರ ಸದ್ಯದಲ್ಲೇ ಖಾಲಿ ಮಾಡುತ್ತಿದ್ದಾರೆ. ಎರಡೂ ಬಗೆಯನ್ನು ಕಂಡವರು ದಯವಿಟ್ಟು ವಿವರವಾಗಿ ತಿಳಿಸಿ.

ಬೀಗದಕೈ:
ನೀವೇ ನೋಡಿಕೊಳ್ಳಿ. ಬಾಡಿಗೆ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ, ಒಡೆದ ನಲ್ಲಿಯ ವಿಡಿಯೋ ಫೋನಿಗೆ ಬರುತ್ತದೆ. ಹತ್ತರಲ್ಲೊಂದು ಪಾಲನ್ನು ಮೂರನೆಯವರಿಗೆ ಕೊಡುವ ಅಗತ್ಯವೇನಿದೆ?

ಲೆಕ್ಕಪತ್ರ:
ಬೀಗದಕೈ ಅವರೇ, ಶುಲ್ಕವನ್ನು ಒಂಟಿಯಾಗಿ ನೋಡಿದರೆ ಹಾಗೆನಿಸುವುದು ಸಹಜ. ಅದನ್ನು ಖಾಲಿ ದಿನಗಳ ಜೊತೆಗಿಟ್ಟು ನೋಡಬೇಕು. ಮನೆ ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ ವರ್ಷದ ಬಾಡಿಗೆಯ ಶೇಕಡಾ 8.3 ಹೋಯಿತು. ಶೇಕಡಾ 10 ಎಂದರೆ ಸುಮಾರು 36 ದಿನಗಳ ಬಾಡಿಗೆ. ದೂರದಲ್ಲಿರುವ ಮಾಲೀಕರು ಬಂದು ಮನೆ ತೋರಿಸಲಾಗದೆ, ಸುಣ್ಣಬಣ್ಣ ಮಾಡಿಸಲಾಗದೆ ಕಳೆದುಕೊಳ್ಳುವ ದಿನಗಳು ಅದಕ್ಕಿಂತ ಹೆಚ್ಚಾದರೆ ಶುಲ್ಕ ತನ್ನನ್ನು ತಾನೇ ತೀರಿಸಿಕೊಳ್ಳುತ್ತದೆ.

ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಹೊಸಬರನ್ನು ತಂದಾಗಲೆಲ್ಲ ಅರ್ಧ ತಿಂಗಳ ಬಾಡಿಗೆ ಎಂದಿದ್ದೀರಿ. ಪ್ರತಿ ವರ್ಷ ಬಾಡಿಗೆದಾರರು ಬದಲಾದರೆ ಅದು ಶೇಕಡಾ 4.2 ಆಗಿ, ಒಟ್ಟು ಶೇಕಡಾ 14 ದಾಟುತ್ತದೆ. ಅದೇ ಕುಟುಂಬ ಮೂರು ವರ್ಷ ಉಳಿದರೆ ವರ್ಷಕ್ಕೆ ಶೇಕಡಾ 1.4 ಮಾತ್ರ ಸೇರುತ್ತದೆ. ಕೆಳಗಿನ ಮನೆಯ ವಿಷಯದಲ್ಲಂತೂ ಖಾಲಿ ದಿನಗಳೇ ಇಲ್ಲ, ಹಾಗಾಗಿ ಅಲ್ಲಿ ಉಳಿತಾಯವೂ ಇಲ್ಲ. ಎರಡು ಮನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನೊಂದು ಸಂಗತಿ ಇದೆ. ಶುಲ್ಕವನ್ನು ಒಟ್ಟು ಬಾಡಿಗೆಯ ಮೇಲೆ ಹಾಕುತ್ತಾರೆ, ನಿಮ್ಮ ಕೈಗೆ ಬರುವುದು ಖರ್ಚು ಕಳೆದ ಮೇಲೆ ಉಳಿದದ್ದು. ತೆರಿಗೆ, ವಿಮೆ, ರಿಪೇರಿ, ಸಾಲದ ಕಂತು ಎಲ್ಲ ಕಳೆದು ನೂರಕ್ಕೆ ನಲವತ್ತು ಉಳಿಯುವುದಾದರೆ, ಆ ಹತ್ತು ನಿಮ್ಮ ನಿಜವಾದ ಆದಾಯದ ಕಾಲು ಭಾಗ. ಸಾಲವಿಲ್ಲದ ಮನೆಗೆ ಇದರ ಭಾರ ಕಡಿಮೆ, ಸಾಲವಿರುವ ಮನೆಗೆ ಬಹಳ ಹೆಚ್ಚು.

ಮೇಲ್ಮಹಡಿ:
ಸಾಲವಿಲ್ಲ. ಎರಡು ಮನೆಗಳನ್ನು ಬೇರೆ ಬೇರೆಯಾಗಿ ನೋಡಬಹುದೆಂಬುದು ನನಗೆ ಹೊಳೆದಿರಲಿಲ್ಲ, ಧನ್ಯವಾದಗಳು.

ಕಾಮಗಾರಿ:
ನಾನು ಇದೇ ವೃತ್ತಿಯಲ್ಲಿರುವವನು, ನನ್ನ ಮಾತನ್ನು ಹಾಗೆಂದೇ ತಿಳಿದು ಓದಿ. ಬಾಡಿಗೆ ಖಾತೆಗೆ ಬರುವುದನ್ನೇ ನಿರ್ವಹಣೆ ಎಂದುಕೊಳ್ಳುವ ಮಾಲೀಕರು ಬಹಳ. ಅದು ನಮ್ಮ ಕೆಲಸದ ಅತಿ ಸುಲಭದ ಭಾಗ. ಮನೆ ಕೇಳಿಕೊಂಡು ಬಂದವರ ವರಮಾನದ ದಾಖಲೆ ನೋಡುವುದು, ಅವರು ಮೊದಲು ಇದ್ದ ಮನೆಯವರೊಂದಿಗೆ ಮಾತನಾಡುವುದು, ಒಳಗೆ ಬರುವ ದಿನ ಗೋಡೆ, ನೆಲ, ಕಿಟಕಿ, ಕೊಳಾಯಿಗಳ ಸ್ಥಿತಿಯನ್ನು ದಿನಾಂಕಸಹಿತ ಚಿತ್ರಗಳೊಂದಿಗೆ ಬರೆದು ಇಬ್ಬರ ಸಹಿ ಪಡೆಯುವುದು, ಮೀಟರುಗಳ ಓದಿಕೆ ಗುರುತಿಸಿಕೊಳ್ಳುವುದು, ಬಿಡುವ ದಿನ ಅದೇ ಪಟ್ಟಿಯನ್ನು ಹಿಡಿದು ಸಹಜ ಸವೆತ ಯಾವುದು, ಹಾನಿ ಯಾವುದು ಎಂದು ಬೇರ್ಪಡಿಸುವುದು, ಇವೆಲ್ಲ ನಡೆಯಬೇಕು. ಠೇವಣಿಯ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದು ಪಟ್ಟಿ ಇಲ್ಲದಿರುವುದರಿಂದ.

ಮಾಲೀಕರೇ ಮಾಡುವುದಾದರೂ ಒಂದು ಕಿವಿಮಾತು: ಈಗಿನ ಮನೆಮಾಲೀಕರ ಬಳಿ ಮಾತ್ರ ವಿಚಾರಿಸಬೇಡಿ, ಅದಕ್ಕೂ ಹಿಂದಿನವರನ್ನೂ ಕೇಳಿ. ತೊಂದರೆ ಕೊಡುವವರನ್ನು ಹೊರಗೆ ಕಳುಹಿಸಬೇಕೆಂದು ಕಾದಿರುವ ಮಾಲೀಕ ಅವರನ್ನು ಹೊಗಳಿಯೇ ಹೇಳುತ್ತಾನೆ. ಹಿಂದಿನವನಿಗೆ ಆ ಅಗತ್ಯವಿರುವುದಿಲ್ಲ.

ಬೀಗದಕೈ:
ಕಾಮಗಾರಿ ಅವರು ಹೇಳಿದ ಕೆಲಸಗಳೆಲ್ಲ ನಿಜ, ಆದರೆ ಅವು ವರ್ಷಕ್ಕೊಮ್ಮೆಯೋ ಮೂರು ವರ್ಷಕ್ಕೊಮ್ಮೆಯೋ ಬರುವ ಕೆಲಸಗಳು. ಅದಕ್ಕಾಗಿ ಪ್ರತಿ ತಿಂಗಳೂ ಶೇಕಡಾ 10 ಏಕೆ? ಒಬ್ಬರೇ ಬಾಡಿಗೆದಾರರು ಐದು ವರ್ಷ ಇದ್ದರೆ ಅರವತ್ತು ತಿಂಗಳು ಶುಲ್ಕ ಕೊಟ್ಟು ಆ ಪಟ್ಟಿಯನ್ನು ಎರಡು ಸಲ ಮಾಡಿಸಿಕೊಂಡಂತಾಯಿತು. ನನ್ನ ಆಕ್ಷೇಪ ಇಷ್ಟೇ: ಕೆಲಸ ಇರುವ ಕಾಲಕ್ಕೂ ಹಣ ಹೋಗುವ ಕಾಲಕ್ಕೂ ಹೊಂದಿಕೆಯಿಲ್ಲ.

ಕಾಮಗಾರಿ:
ನೀವು ತಿಂಗಳ ಶುಲ್ಕ ಕೊಡುವುದು ನಡೆದ ಕೆಲಸಕ್ಕೆ ಮಾತ್ರವಲ್ಲ, ಯಾವ ಹೊತ್ತಿನಲ್ಲಿ ಕರೆ ಬಂದರೂ ಉತ್ತರಿಸಲು ಒಬ್ಬರು ಸಿದ್ಧರಿರುವುದಕ್ಕೆ. ರಾತ್ರಿ ನೀರಿನ ಪೈಪು ಒಡೆದಾಗ ಬಾಡಿಗೆದಾರರಿಗೆ ಬೇಕಾದದ್ದು ವಿಡಿಯೋ ನೋಡುವವರಲ್ಲ, ವಾಲ್ವ್ ಮುಚ್ಚುವವರು.

ಹಸಿಗೋಡೆ:
ನೀರಿನ ವಿಷಯ ಬಂದದ್ದರಿಂದ ಹೇಳುತ್ತೇನೆ, ಈ ಒಂದು ಕಾರಣಕ್ಕೇ ನಾನು ದೂರದ ಮನೆಗೆ ಆಳಿಟ್ಟಿದ್ದೇನೆ. ಒದ್ದೆಯಾದ ಜಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸದಿದ್ದರೆ ಬೂಸ್ಟು ಹಿಡಿಯಲು ಆರಂಭವಾಗಬಹುದು. ಎರಡಂತಸ್ತಿನ ಮನೆಯಲ್ಲಿ ಮೇಲಿನ ಬಚ್ಚಲಿನ ಸೋರಿಕೆ ಮೊದಲು ಕಾಣಿಸುವುದು ಕೆಳಗಿನವರ ಚಾವಣಿಯಲ್ಲಿ. ಮೇಲಿನ ಮನೆ ಖಾಲಿಯಿದ್ದು, ಅದರ ಕೀಲಿ ನಿಮ್ಮ ಬಳಿಯೇ ಇದ್ದರೆ, ಕೆಳಗಿನವರು ಎಷ್ಟೇ ಒಳ್ಳೆಯವರಾದರೂ ತಲೆಯ ಮೇಲೆ ತೊಟ್ಟಿಕ್ಕುವ ನೀರನ್ನು ನೋಡುತ್ತ ಕೂರಬೇಕಾಗುತ್ತದೆ. ಆದ್ದರಿಂದ ಮೇಲ್ಮಹಡಿ ಅವರು ಶುಲ್ಕದ ಪ್ರಶ್ನೆಗಿಂತ ಮೊದಲು ಇದನ್ನು ಕೇಳಿಕೊಳ್ಳಬೇಕು: ಒಂದು ಗಂಟೆಯೊಳಗೆ ಆ ಮನೆಯ ಬಾಗಿಲು ತೆರೆಯಬಲ್ಲವರು ಯಾರು? ಆ ಪ್ರಶ್ನೆಗೆ ಒಂದು ಹೆಸರು ಸಿಕ್ಕರೆ ನೀವೇ ನೋಡಿಕೊಳ್ಳಬಹುದು. ಸಿಗದಿದ್ದರೆ ಉಳಿದ ವಾದಗಳಿಗೆ ಅರ್ಥವಿಲ್ಲ.

ಎರಡನೇಮನೆ:
ಖಾಲಿ ಮನೆಯ ವಿಮೆಯನ್ನೂ ನೋಡಿಕೊಳ್ಳಿ. ಮನೆ 30 ಅಥವಾ 60 ದಿನಗಳಿಗಿಂತ ಹೆಚ್ಚು ಕಾಲ ಖಾಲಿಯಿದ್ದರೆ ಕೆಲವು ಬಗೆಯ ನಷ್ಟಕ್ಕೆ ಪರಿಹಾರ ಕೊಡುವುದಿಲ್ಲವೆಂಬ ಷರತ್ತು ಹಲವು ಪಾಲಿಸಿಗಳಲ್ಲಿರುತ್ತದೆ. ಮಾಲೀಕರೇ ವಾಸಿಸುವ ಮನೆಯ ವಿಮೆ ಬಾಡಿಗೆಗೆ ಕೊಟ್ಟ ಮನೆಗೆ ಅನ್ವಯಿಸದೆ ಹೋಗುವುದೂ ಉಂಟು.

ಬಾಡಿಗೆಯವಳು:
ಇಲ್ಲಿ ಎಲ್ಲರೂ ಮಾಲೀಕರ ಕಡೆಯಿಂದಲೇ ಮಾತನಾಡುತ್ತಿದ್ದೀರಿ, ಆದ್ದರಿಂದ ಇನ್ನೊಂದು ಕಡೆಯಿಂದ ಎರಡು ಮಾತು. ನಾನು ಮಾಲೀಕರೇ ನೋಡಿಕೊಳ್ಳುವ ಮನೆಯಲ್ಲೂ ಇದ್ದೆ, ಸಂಸ್ಥೆಯೊಂದು ನೋಡಿಕೊಳ್ಳುವ ಮನೆಯಲ್ಲೂ ಇದ್ದೆ. ಮಾಲೀಕರ ಬಳಿ ಮಾತು ಸುಲಭ, ತೀರ್ಮಾನವೂ ಬೇಗ. ಆದರೆ ಅವರಿಗೆ ಬೇಸರವಾದೀತೆಂದು ಸಣ್ಣ ಸೋರಿಕೆಗಳನ್ನು ಹೇಳಲು ಹಿಂಜರಿಯುತ್ತಿದ್ದೆವು, ಅವು ದೊಡ್ಡವಾದ ಮೇಲೆಯೇ ಹೇಳುತ್ತಿದ್ದೆವು. ಸಂಸ್ಥೆಗೆ ಹೇಳಲು ಸಂಕೋಚವಿರಲಿಲ್ಲ, ಆದರೆ ಅವರಿಂದ ಬರುತ್ತಿದ್ದ ಉತ್ತರ ಯಾವಾಗಲೂ ‘ಮಾಲೀಕರ ಒಪ್ಪಿಗೆಗಾಗಿ ಕಾಯುತ್ತಿದ್ದೇವೆ’ ಎಂಬುದೇ ಆಗಿತ್ತು. ಮಾಲೀಕರನ್ನು ಕೊನೆಗೊಮ್ಮೆ ಭೇಟಿಯಾದಾಗ ಅವರಿಗೆ ನಮ್ಮ ದೂರುಗಳಲ್ಲಿ ಅರ್ಧ ತಲುಪಿಯೇ ಇರಲಿಲ್ಲವೆಂದು ತಿಳಿಯಿತು.

ಯಾರನ್ನೇ ನೇಮಿಸಿ, ಬಾಡಿಗೆದಾರರಿಗೆ ನಿಮ್ಮನ್ನು ತಲುಪುವ ದಾರಿಯೊಂದನ್ನು ಮುಚ್ಚದೆ ಉಳಿಸಿ. ಒಂದು ಇಮೇಲ್ ವಿಳಾಸ ಸಾಕು.

ಕಾಮಗಾರಿ:
ಬಾಡಿಗೆಯವಳು ಅವರ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ಬಾಡಿಗೆದಾರರು ಪ್ರತಿ ಮಾತಿಗೂ ನೇರವಾಗಿ ಮಾಲೀಕರಿಗೇ ಹೇಳುವಂತಾದರೆ ನೇಮಿಸಿದವರಿಗೆ ಬೆಲೆಯಿರುವುದಿಲ್ಲ, ಇಬ್ಬರೂ ಎರಡು ಬಗೆಯ ಆಶ್ವಾಸನೆ ಕೊಟ್ಟು ಗೊಂದಲವಾಗುತ್ತದೆ.

ಬಾಡಿಗೆಯವಳು:
ಮೊದಲು ನಿಮಗೇ ಹೇಳಲಿ. ಇಷ್ಟು ದಿನಗಳಲ್ಲಿ ಉತ್ತರ ಬರದಿದ್ದರೆ ಮಾಲೀಕರಿಗೆ ಬರೆಯಬಹುದೆಂದು ಕರಾರಿನಲ್ಲೇ ಇರಲಿ. ಅದರಿಂದ ಪ್ರಾಮಾಣಿಕರಾಗಿ ಕೆಲಸ ಮಾಡುವವರಿಗೆ ಏನೂ ನಷ್ಟವಿಲ್ಲ.

ಕರಡು:
ನಾನು ಇಂತಹ ಕರಾರುಗಳನ್ನು ಓದುವ, ತಿದ್ದುವ ಕೆಲಸದಲ್ಲಿದ್ದೇನೆ. ಶೇಕಡಾವಾರು ಎಷ್ಟೆಂಬುದಕ್ಕಿಂತ ಅದು ಯಾವುದರ ಶೇಕಡಾವಾರು ಎಂಬುದೇ ಹೆಚ್ಚು ಮುಖ್ಯ. ‘ಬರಬೇಕಾದ ಬಾಡಿಗೆ’ಯ ಮೇಲೆ ಶುಲ್ಕ ಎಂದು ಬರೆದಿದ್ದರೆ ಮನೆ ಖಾಲಿಯಿದ್ದರೂ, ಬಾಡಿಗೆದಾರರು ಕೊಡದೆ ಉಳಿಸಿಕೊಂಡರೂ ನೀವು ಶುಲ್ಕ ಕಟ್ಟುತ್ತೀರಿ. ‘ಬಂದ ಬಾಡಿಗೆ’ಯ ಮೇಲೆ ಎಂದಿದ್ದರೆ ವಸೂಲಿಯಲ್ಲಿ ಅವರಿಗೂ ಆಸಕ್ತಿ ಇರುತ್ತದೆ. ಒಂದು ಪದದ ವ್ಯತ್ಯಾಸದಿಂದ ಇಡೀ ಸಂಬಂಧದ ಸ್ವರೂಪ ಬದಲಾಗುತ್ತದೆ.

ಎರಡನೆಯದು ರಿಪೇರಿ. ನಿಮ್ಮನ್ನು ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದೆಂಬ ಮಿತಿ ಬರಹದಲ್ಲಿರಬೇಕು. ತುರ್ತು ರಿಪೇರಿ ಎಂದರೆ ಯಾವುದು ಎಂಬ ವಿವರಣೆಯೂ ಅದರ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಬಾಗಿಲಿಗೆ ಬಣ್ಣ ಬಳಿಸುವುದೂ ತುರ್ತಾಗಿಬಿಡುತ್ತದೆ. ಕೆಲಸಗಾರರ ಬಿಲ್ಲಿನ ಮೇಲೆ ತಮ್ಮದೊಂದು ಪಾಲು ಸೇರಿಸುವ ರೂಢಿ ಅನೇಕ ಸಂಸ್ಥೆಗಳಲ್ಲಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಏಕೆಂದರೆ ಕೆಲಸಗಾರರನ್ನು ಹುಡುಕಿ ಕರೆತಂದು ನಿಂತು ಮಾಡಿಸುವುದಕ್ಕೂ ಶ್ರಮವಿದೆ. ಆದರೆ ಅದು ಮುಚ್ಚಿಟ್ಟ ಪಾಲಾಗಬಾರದು, ಮೂಲ ಬಿಲ್ಲಿನ ಪ್ರತಿ ನಿಮ್ಮ ಕೈಸೇರಬೇಕು.

ಮೂರನೆಯದನ್ನು ಯಾರೂ ಓದುವುದಿಲ್ಲ, ಅದು ಹೊರಬರುವ ಷರತ್ತು. ಎಷ್ಟು ದಿನಗಳ ಮುನ್ಸೂಚನೆ ಕೊಟ್ಟು ಕರಾರು ಮುಗಿಸಬಹುದು? ಮುಗಿಸಿದ ಮೇಲೂ, ಅವರು ತಂದ ಬಾಡಿಗೆದಾರರು ಇರುವಷ್ಟು ಕಾಲ ಶುಲ್ಕ ಕೊಡಬೇಕೆಂದು ಎಲ್ಲಾದರೂ ಬರೆದಿದೆಯೇ? ಹಾಗೆ ಬರೆದ ಕರಾರುಗಳನ್ನು ನಾನು ಕಂಡಿದ್ದೇನೆ. ಅಂಥದ್ದಕ್ಕೆ ಸಹಿ ಮಾಡಬೇಡಿ.

ಠೇವಣಿಯ ಹಣ ಸಂಸ್ಥೆಯ ದಿನನಿತ್ಯದ ಖಾತೆಯಲ್ಲಿ ಬೆರೆಯಬಾರದು, ಪ್ರತ್ಯೇಕವಾಗಿರಬೇಕು. ಕೆಲವು ದೇಶಗಳಲ್ಲಿ ಕಾನೂನೇ ಇದನ್ನು ಕಡ್ಡಾಯ ಮಾಡಿದೆ, ನಿರ್ವಾಹಕರಿಗೆ ಪರವಾನಗಿಯೂ ಬೇಕು. ಕಡ್ಡಾಯವಿಲ್ಲದ ಕಡೆ ಕರಾರಿನಲ್ಲಿ ಬರೆಸಿಕೊಳ್ಳುವುದೊಂದೇ ದಾರಿ. ಸಂಸ್ಥೆ ಮುಚ್ಚಿಹೋದರೂ ಬಾಡಿಗೆದಾರರ ಠೇವಣಿಗೆ ಕೊನೆಗೆ ಉತ್ತರ ಹೇಳಬೇಕಾಗಿ ಬರುವುದು ಸಾಮಾನ್ಯವಾಗಿ ಮಾಲೀಕರೇ.

ಬೀಗದಕೈ:
ಕರಡು ಅವರ ಪತ್ರ ಓದಿದ ಮೇಲೆ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ಇಷ್ಟೆಲ್ಲ ಕಾವಲು ಕಾಯಬೇಕಾದರೆ ನೇಮಿಸಿ ಏನು ಪ್ರಯೋಜನ?

ಹಿರಿಯ ಮಾಲೀಕ:
ಬೀಗದಕೈ ಅವರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ನಿರ್ವಹಣೆಗೆ ಒಬ್ಬರನ್ನು ನೇಮಿಸಿದರೆ ನಿರ್ವಹಣೆ ಇಲ್ಲವಾಗುವುದಿಲ್ಲ, ಮನೆಯನ್ನು ನೋಡಿಕೊಳ್ಳುವ ಬದಲು ನೇಮಿಸಿದವರನ್ನು ನೋಡಿಕೊಳ್ಳುವ ಕೆಲಸ ಬರುತ್ತದೆ. ಆ ಕೆಲಸ ತಿಂಗಳಿಗೆ ಒಮ್ಮೆ ಕುಳಿತು ಮಾಡಬಹುದಾದದ್ದು, ದೂರದಿಂದಲೂ ಮಾಡಬಹುದಾದದ್ದು, ನಿದ್ರೆ ಕೆಡಿಸದೆ ಮಾಡಬಹುದಾದದ್ದು. ನಾನು ಬಹುಕಾಲ ನನ್ನ ಮನೆಗಳನ್ನು ನಾನೇ ನೋಡಿಕೊಂಡೆ, ಮೊಣಕಾಲು ನೋವು ಶುರುವಾದ ಮೇಲೆ ಒಪ್ಪಿಸಿದೆ. ಹಿಂದೆ ನಾನೇ ಮಾಡಿದ್ದರಿಂದ ಯಾವ ಬಿಲ್ಲು ಸರಿ, ಯಾವುದು ಉಬ್ಬಿಸಿದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಒಂದು ದಿನವೂ ತಾನೇ ನೋಡಿಕೊಳ್ಳದೆ ನೇರವಾಗಿ ಒಪ್ಪಿಸಿದ ನನ್ನ ಬಂಧುವೊಬ್ಬರಿಗೆ ಆ ಅಳತೆಗೋಲೇ ಇಲ್ಲ, ಬಂದ ಲೆಕ್ಕವನ್ನು ಒಪ್ಪಿಕೊಳ್ಳುವುದಷ್ಟೇ ಅವರಿಗೆ ಉಳಿದಿರುವುದು.

ಮೇಲ್ಮಹಡಿ ಅವರಿಗೆ ಈ ಅನುಭವವಿದೆ. ಅವರು ಒಪ್ಪಿಸಿದರೂ ಮೋಸಹೋಗುವ ಸಾಧ್ಯತೆ ಕಡಿಮೆ.

ಜಂಟಿಪಾಲು:
ಯಾರೂ ತಮ್ಮನ ವಿಷಯ ಎತ್ತಲಿಲ್ಲ, ನನಗೆ ಅದೇ ಮುಖ್ಯವೆನಿಸುತ್ತದೆ. ಇಬ್ಬರ ಪಾಲಿನ ಮನೆಯನ್ನು ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರೆ, ಮೊದಮೊದಲು ಅದು ಪ್ರೀತಿಯ ಕೆಲಸ. ವರ್ಷಗಳು ಕಳೆದಂತೆ ಒಬ್ಬರಿಗೆ ‘ನಾನೊಬ್ಬಳೇ ಒದ್ದಾಡುತ್ತಿದ್ದೇನೆ’ ಎನಿಸುತ್ತದೆ, ಇನ್ನೊಬ್ಬರಿಗೆ ‘ಲೆಕ್ಕ ನನಗೆ ಗೊತ್ತಾಗುತ್ತಿಲ್ಲ’ ಎನಿಸುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಮಾತು ಬಿಡುವ ಹಂತಕ್ಕೆ ಹೋಗಿತ್ತು. ಕೊನೆಗೆ, ನೋಡಿಕೊಳ್ಳುವ ಅಣ್ಣನಿಗೆ ಬಾಡಿಗೆಯ ಒಂದು ಪಾಲನ್ನು ನಿರ್ವಹಣಾ ಶುಲ್ಕವೆಂದು ಮೊದಲೇ ತೆಗೆದು, ಉಳಿದದ್ದನ್ನು ಸಮನಾಗಿ ಹಂಚಿಕೊಳ್ಳುವುದೆಂದು ಬರೆದುಕೊಂಡೆವು. ಅಂದಿನಿಂದ ಆ ಮಾತೇ ಬಂದಿಲ್ಲ. ಹೊರಗಿನವರಿಗೆ ಕೊಡಲು ಸಿದ್ಧರಿರುವ ಹಣವನ್ನು ಒಡಹುಟ್ಟಿದವರಿಗೆ ಕೊಡಲು ಹಿಂಜರಿಯುವುದು ನ್ಯಾಯವಲ್ಲ.

ಮೇಲ್ಮಹಡಿ:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಮ್ಮ ಒಪ್ಪಿಸಿಬಿಡೋಣ ಎಂದದ್ದು ನನ್ನ ಮೇಲಿನ ಭಾರ ಇಳಿಸಲೆಂದೇ ಇರಬಹುದು. ನಾನು ಅದನ್ನು ನನ್ನ ಮೇಲಿನ ಅಪನಂಬಿಕೆ ಎಂದು ತಿಳಿದಿದ್ದೆ. ಇವತ್ತೇ ಅವನೊಂದಿಗೆ ಮಾತನಾಡುತ್ತೇನೆ.

ಲೆಕ್ಕಪತ್ರ:
ಜಂಟಿಪಾಲು ಅವರ ವ್ಯವಸ್ಥೆ ಚೆನ್ನಾಗಿದೆ. ತೆರಿಗೆಯ ದೃಷ್ಟಿಯಿಂದ ಮಾತ್ರ ಒಂದು ಎಚ್ಚರಿಕೆ: ಒಡಹುಟ್ಟಿದವರು ಪಡೆಯುವ ಶುಲ್ಕ ಅವರ ಆದಾಯಕ್ಕೆ ಸೇರಬಹುದು. ಹೊರಗಿನ ನಿರ್ವಾಹಕರಿಗೆ ಕೊಟ್ಟ ಶುಲ್ಕವನ್ನು ಕೆಲವು ದೇಶಗಳಲ್ಲಿ ಬಾಡಿಗೆ ಆದಾಯದಿಂದ ವೆಚ್ಚವೆಂದು ಕಳೆಯಬಹುದು. ಇನ್ನು ಕೆಲವೆಡೆ ನಿಜವಾದ ಖರ್ಚು ಎಷ್ಟೇ ಇರಲಿ, ಬಾಡಿಗೆಯ ನಿಗದಿತ ಪಾಲೊಂದನ್ನಷ್ಟೇ ಕಳೆಯಲು ಬಿಡುತ್ತಾರೆ, ಅಂಥ ಕಡೆ ಶುಲ್ಕ ಕೊಟ್ಟದ್ದರಿಂದ ತೆರಿಗೆಯೇನೂ ಇಳಿಯುವುದಿಲ್ಲ. ಶೇಕಡಾ 10 ನಿಜಕ್ಕೂ ಎಷ್ಟಾಗುತ್ತದೆ ಎಂಬುದು ಇದರ ಮೇಲೂ ನಿಂತಿದೆ.

ಎರಡನೇಮನೆ:
ಇಷ್ಟೆಲ್ಲ ತಲೆನೋವಿದ್ದರೆ ಮನೆಯನ್ನು ಮಾರಿ ಹಣವನ್ನು ಬೇರೆಡೆ ತೊಡಗಿಸುವುದೇ ಲೇಸಲ್ಲವೇ?

ಹಿರಿಯ ಮಾಲೀಕ:
ಮಾರುವ ವಿಚಾರವನ್ನು ಅವರು ಕೇಳಿಲ್ಲ. ಅಮ್ಮನ ಮನೆ ಅದು. ಕೇಳಿದ ಪ್ರಶ್ನೆಗೆ ಉತ್ತರಿಸೋಣ.

ಹೊಸ ಸದಸ್ಯ:
ನಡುವಿನ ದಾರಿ ಇಲ್ಲವೇ? ಎಲ್ಲವನ್ನೂ ಒಪ್ಪಿಸುವುದು, ಏನನ್ನೂ ಒಪ್ಪಿಸದಿರುವುದು, ಇವೆರಡೇ ಆಯ್ಕೆಗಳೆಂಬಂತೆ ಎಲ್ಲರೂ ಮಾತನಾಡುತ್ತಿದ್ದಾರೆ.

ಕರಡು:
ಖಂಡಿತ ಇದೆ. ಬಾಡಿಗೆದಾರರನ್ನು ಹುಡುಕಿ, ಪರಿಶೀಲಿಸಿ, ಕರಾರು ಮಾಡಿಸಿಕೊಡುವುದಷ್ಟಕ್ಕೆ ಒಮ್ಮೆ ಶುಲ್ಕ ಕೊಟ್ಟು, ಅನಂತರ ನೀವೇ ನೋಡಿಕೊಳ್ಳಬಹುದು. ಅಥವಾ ಬಾಡಿಗೆ, ಲೆಕ್ಕ, ಪತ್ರವ್ಯವಹಾರ ನಿಮ್ಮಲ್ಲೇ ಉಳಿದು, ತುರ್ತು ಕರೆಗೆ ಮತ್ತು ನಿಯತ ಪರಿಶೀಲನೆಗೆ ಮಾತ್ರ ಸ್ಥಳೀಯರೊಬ್ಬರನ್ನು ಗೊತ್ತುಪಡಿಸಿಕೊಳ್ಳಬಹುದು. ಬೀಗದಕೈ ಅವರು ಎತ್ತಿದ ಆಕ್ಷೇಪಕ್ಕೆ ಉತ್ತರವೂ ಇದರಲ್ಲೇ ಇದೆ.

ಬೀಗದಕೈ:
ಇದನ್ನು ಒಪ್ಪುತ್ತೇನೆ. ಕೆಲಸವಿದ್ದಾಗ ಹಣ, ಇಲ್ಲದಾಗ ಇಲ್ಲ.

ಕಾಮಗಾರಿ:
ವೃತ್ತಿಯವನಾಗಿಯೂ ಇದನ್ನು ವಿರೋಧಿಸುವುದಿಲ್ಲ, ಆದರೆ ಅದರ ತೊಡಕನ್ನು ಹೇಳಲೇಬೇಕು. ಹುಡುಕಿಕೊಡುವುದಕ್ಕೆ ಮಾತ್ರ ಹಣ ಪಡೆದವರಿಗೆ ಆಮೇಲೆ ಆ ಬಾಡಿಗೆದಾರರು ಬಾಡಿಗೆ ಕೊಟ್ಟರೇ ಬಿಟ್ಟರೇ ಎಂಬ ಚಿಂತೆ ಇರುವುದಿಲ್ಲ. ಬೇಗ ಯಾರನ್ನಾದರೂ ತುಂಬಿಸಿ ಮುಂದಿನ ಮನೆಗೆ ಹೋಗುವುದೇ ಅವರಿಗೆ ಲಾಭ. ಆದ್ದರಿಂದ ಅಂತಿಮ ಆಯ್ಕೆ ನಿಮ್ಮದೇ ಎಂದು ಹೇಳಿ, ದಾಖಲೆಗಳನ್ನು ನೀವೇ ನೋಡಿ. ಇಂತಿಷ್ಟು ತಿಂಗಳೊಳಗೆ ಬಾಡಿಗೆದಾರರು ಬಿಟ್ಟುಹೋದರೆ ಮತ್ತೆ ಶುಲ್ಕವಿಲ್ಲದೆ ಹುಡುಕಿಕೊಡಬೇಕೆಂಬ ಷರತ್ತನ್ನೂ ಸೇರಿಸಿ. ಒಳ್ಳೆಯ ಸಂಸ್ಥೆಗಳು ಒಪ್ಪುತ್ತವೆ.

ಹಸಿಗೋಡೆ:
ಪೂರ್ಣ ನಿರ್ವಹಣೆಯಲ್ಲೂ ಇದೇ ತೊಡಕು ಇನ್ನೊಂದು ರೂಪದಲ್ಲಿದೆ. ಹೊಸಬರು ಬಂದಾಗಲೆಲ್ಲ ಅರ್ಧ ತಿಂಗಳ ಬಾಡಿಗೆ ಸಿಗುವುದಾದರೆ, ಹಳಬರನ್ನು ಉಳಿಸಿಕೊಳ್ಳುವ ಆಸಕ್ತಿ ನಿರ್ವಾಹಕರಿಗೆ ಎಲ್ಲಿಂದ ಬರಬೇಕು? ನನ್ನ ಹಿಂದಿನ ನಿರ್ವಾಹಕರು ಪ್ರತಿ ನವೀಕರಣಕ್ಕೂ ಬಾಡಿಗೆಯನ್ನು ಏರಿಸಲು ಒತ್ತಾಯಿಸುತ್ತಿದ್ದರು, ಒಳ್ಳೆಯವರೆಲ್ಲ ಬಿಟ್ಟುಹೋದರು. ಏರಿಕೆಯಿಂದ ಬಂದ ಹಣವನ್ನೆಲ್ಲ ಖಾಲಿ ದಿನಗಳು ತಿಂದುಹಾಕಿದವು.

ಕಾಮಗಾರಿ:
ಎಲ್ಲರೂ ಹಾಗಿರುವುದಿಲ್ಲ. ಒಳ್ಳೆಯ ಹೆಸರನ್ನೇ ನಂಬಿ ಬದುಕುವ ಸಣ್ಣ ಸಂಸ್ಥೆಗೆ ಅರ್ಧ ತಿಂಗಳ ಬಾಡಿಗೆಗಿಂತ ಮಾಲೀಕರು ಉಳಿಯುವುದೇ ದೊಡ್ಡದು.

ಹಸಿಗೋಡೆ:
ಇರಬಹುದು. ಆದರೆ ವ್ಯಕ್ತಿಯ ಒಳ್ಳೆಯತನದ ಮೇಲೆ ನಿಲ್ಲುವ ವ್ಯವಸ್ಥೆಗಿಂತ, ಷರತ್ತುಗಳೇ ಒಳ್ಳೆಯ ದಿಕ್ಕಿಗೆ ಎಳೆಯುವ ವ್ಯವಸ್ಥೆ ಲೇಸು. ಹೊಸಬರಿಗೆ ಶುಲ್ಕ ತಗ್ಗಿಸಿ, ಬೇಕಾದರೆ ತಿಂಗಳ ಶುಲ್ಕವನ್ನು ತುಸು ಏರಿಸಿ.

ಬಾಡಿಗೆಯವಳು:
ಇನ್ನೊಂದು ಮಾತನ್ನು ಸೇರಿಸುತ್ತೇನೆ. ನಿರ್ವಾಹಕರು ಮಾಡಿದ್ದು ಮಾಲೀಕರೇ ಮಾಡಿದಂತೆ ಎಂದು ಎಣಿಸಲಾಗುತ್ತದೆ. ಅವರು ಮುನ್ಸೂಚನೆಯಿಲ್ಲದೆ ಮನೆಯೊಳಗೆ ಬಂದರೆ, ಜಾತಿ, ಧರ್ಮ ಕೇಳಿ ಮನೆ ನಿರಾಕರಿಸಿದರೆ, ನನಗೇನೂ ಗೊತ್ತಿರಲಿಲ್ಲ ಎಂದು ಮಾಲೀಕರು ಕೈತೊಳೆದುಕೊಳ್ಳಲಾಗದು. ಮನೆ ಯಾರಿಗೆ ಕೊಡಲಿಲ್ಲ, ಏಕೆ ಕೊಡಲಿಲ್ಲ ಎಂದು ಒಮ್ಮೊಮ್ಮೆ ಕೇಳಿ.

ಹೊಸ ಸದಸ್ಯ:
ಪವರ್ ಆಫ್ ಅಟಾರ್ನಿ ಕೊಡಬೇಕೆಂದು ಕೆಲವರು ಕೇಳುತ್ತಾರೆ. ಕೊಡಬಹುದೇ?

ಕರಡು:
ಎಲ್ಲ ಅಧಿಕಾರವನ್ನೂ ಕೊಡುವ ಸಾಮಾನ್ಯ ಪವರ್ ಆಫ್ ಅಟಾರ್ನಿಯನ್ನು ಬಾಡಿಗೆ ನಿರ್ವಹಣೆಗಾಗಿ ಎಂದಿಗೂ ಕೊಡಬೇಡಿ. ಅದರ ಮಾತುಗಳು ಸಡಿಲವಾಗಿದ್ದರೆ ಮನೆಯನ್ನು ಮಾರುವ, ಅಡವಿಡುವ ಅಧಿಕಾರವೂ ಅದರೊಳಗೆ ಸೇರಿಬಿಡಬಹುದು. ಅಗತ್ಯವಿದ್ದರೆ ಕರಾರಿಗೆ ಸಹಿ ಮಾಡುವುದು, ಬಾಡಿಗೆಗೆ ರಸೀದಿ ಕೊಡುವುದು ಎಂದು ಕೆಲಸಗಳನ್ನು ಹೆಸರಿಸಿ, ಅವಧಿಯನ್ನೂ ಬರೆದು, ಸೀಮಿತವಾದದ್ದನ್ನು ಕೊಡಿ. ನಿಮ್ಮ ವಕೀಲರಿಗೆ ತೋರಿಸದೆ ಅದಕ್ಕೂ ಸಹಿ ಮಾಡಬೇಡಿ. ಮನೆ ಇಬ್ಬರ ಹೆಸರಿನಲ್ಲಿರುವುದರಿಂದ ತಮ್ಮನ ಸಹಿಯೂ ಬೇಕಾಗುತ್ತದೆ, ಅವರು ವಿದೇಶದಲ್ಲಿರುವುದರಿಂದ ಅದಕ್ಕೆ ಸಮಯ ಹಿಡಿಯಬಹುದು. ಮೇಲಿನ ಮನೆ ಖಾಲಿಯಾಗುವ ಮೊದಲೇ ಆರಂಭಿಸಿ.

ಮೇಲ್ಮಹಡಿ:
ತಮ್ಮನೊಂದಿಗೆ ಮಾತನಾಡಿದೆ. ಕೆಳಗಿನ ಮನೆಯನ್ನು ನಾನೇ ನೋಡಿಕೊಳ್ಳುತ್ತೇನೆ, ಅದಕ್ಕಾಗಿ ಆ ಬಾಡಿಗೆಯಿಂದ ಒಂದು ಪಾಲನ್ನು ನಾನು ತೆಗೆದುಕೊಳ್ಳಬೇಕೆಂದು ಅವನೇ ಹಟ ಹಿಡಿದ. ಮೇಲಿನ ಮನೆಗೆ ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ ಸಂಸ್ಥೆಯನ್ನು ನೇಮಿಸುತ್ತೇವೆ. ಬಂದ ಬಾಡಿಗೆಯ ಮೇಲೆ ಶುಲ್ಕ, ಎರಡೂ ಕಡೆಗೆ ಮುನ್ಸೂಚನೆಯ ಷರತ್ತು ಎಂದು ಕೇಳಿದ್ದಕ್ಕೆ ಅವರು ಒಪ್ಪಿದ್ದಾರೆ. ಹೊರಬಂದ ಮೇಲೂ ಶುಲ್ಕ ಎಂಬ ಸಾಲು ಅವರ ಕರಡಿನಲ್ಲಿ ನಿಜಕ್ಕೂ ಇತ್ತು, ತೆಗೆಸಿದ್ದೇವೆ. ತಿಂಗಳ ಲೆಕ್ಕಪತ್ರ ತಮ್ಮನಿಗೆ ಹೋಗುತ್ತದೆ, ಬಿಲ್ಲುಗಳನ್ನು ಅವನೇ ನೋಡುತ್ತಾನೆ. ಕೆಳಗಿನವರ ಬಳಿ ಮೇಲಿನ ಮನೆಯ ಒಂದು ಕೀಲಿ ಇರಲಿ ಎಂದುಕೊಂಡಿದ್ದೇವೆ.

ಹಿರಿಯ ಮಾಲೀಕ:
ಒಳ್ಳೆಯ ವ್ಯವಸ್ಥೆ. ಮನೆ ಖಾಲಿಯಿರುವಾಗ ಕೀಲಿ ಕೆಳಗಿನವರ ಬಳಿ ಇರಲಿ, ಆದರೆ ಮೇಲೆ ಹೊಸ ಕುಟುಂಬ ಬಂದ ದಿನವೇ ಅದನ್ನು ಹಿಂದಕ್ಕೆ ಪಡೆಯಿರಿ. ಬಂದವರ ಒಪ್ಪಿಗೆಯಿಲ್ಲದೆ ಅವರ ಮನೆಯ ಕೀಲಿ ನೆರೆಯವರ ಬಳಿ ಇರಬಾರದು. ಮೇಲಿನ ಮನೆಯ ನೀರನ್ನು ಹೊರಗಿನಿಂದಲೇ ಮುಚ್ಚುವಂತೆ ಒಂದು ವಾಲ್ವ್ ಹಾಕಿಸಿದರೆ ಕೀಲಿಯ ಅಗತ್ಯವೇ ಬರುವುದಿಲ್ಲ.

ಹಸಿಗೋಡೆ:
ಮತ್ತು ಆ ವಾಲ್ವ್ ಎಲ್ಲಿದೆ ಎಂದು ಎರಡೂ ಮನೆಯವರಿಗೆ, ನಿರ್ವಾಹಕರಿಗೆ ತೋರಿಸಿ, ವರ್ಷಕ್ಕೊಮ್ಮೆಯಾದರೂ ತಿರುಗಿಸಿ ನೋಡಿ. ಬಹುಕಾಲ ಮುಟ್ಟದೆ ಬಿಟ್ಟ ವಾಲ್ವ್ ಬೇಕಾದ ಹೊತ್ತಿನಲ್ಲಿ ಜಾಮ್ ಆಗಿರುತ್ತದೆ.